ಮುಕ್ಕಾಲಿ ಮೇಲೆ ಕೂತು ಕಳೆದ ಭಾನುವಾರ

ಈ ಗೋಳು ಶುರುವಾಗಿದ್ದು ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ. ಮುಗಿದಿದ್ದು ಅದರ ಮುಂದಿನ ಭಾನುವಾರ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ನಡುವೆ ಎರಡು ಪೇಪರ್, ಒಂದು ರಬ್ಬರ್, ಹತ್ತು ಅಂಚೆ ಕಾರ್ಡು, ಅತ್ತೆಯ ಜೊತೆ ಒಂದು ಸಣ್ಣ ಜಗಳ, ದೊಡ್ಡಪ್ಪನಿಗೆ ಎರಡು ಫೋನ್. ಇಷ್ಟೆಲ್ಲ ಆಗಿದ್ದು ಒಂದು ಪದಬಂಧಕ್ಕೆ. ಭಾನುವಾರದ ದೊಡ್ಡ ಪದಬಂಧಕ್ಕೆ ಮೊದಲ ಸಲ ಕೈ ಹಾಕುವವರಿಗೆ ಯಾರೂ ಏನೂ ಹೇಳಿಕೊಡುವುದಿಲ್ಲ. ನಾನು ಬಿದ್ದ ಹಳ್ಳ ಎಲ್ಲಿದೆ ಅಂತ ಗೊತ್ತಾದರೆ ನೀವಾದರೂ ಪಕ್ಕದಲ್ಲಿ ಹಾದು ಹೋಗಬಹುದು ಅಂತ ಬರೆಯುತ್ತಿದ್ದೇನೆ.

ನಾನೇನು ಹೊಸಬಳಲ್ಲ. ದಿನದ ಪದಬಂಧವನ್ನು ಹದಿನೈದು ವರ್ಷದಿಂದ ಬಿಡಿಸುತ್ತಿದ್ದೇನೆ. ಕಾಫಿ ಆರುವುದರೊಳಗೆ ಮುಗಿಯುತ್ತದೆ. 'ಸೂರ್ಯ (2)' ಅಂದರೆ ರವಿ. 'ಧರ್ಮರಾಯನ ತಮ್ಮ (2)' ಅಂದರೆ ಭೀಮ. ಅ.ನಾ. ಪ್ರಹ್ಲಾದರಾವ್ ಅವರಂಥವರು ಸಾವಿರಗಟ್ಟಲೆ ಪದಬಂಧ ಕಟ್ಟಿ ಕೊಟ್ಟ ಭಾಷೆ ನಮ್ಮದು. ಅದನ್ನು ಬಿಡಿಸುತ್ತಾ ಬೆಳೆದವಳಿಗೆ ಭಾನುವಾರದ್ದು ಇನ್ನೆಷ್ಟು ಕಷ್ಟ ಇದ್ದೀತು ಅನ್ನುವ ಹಮ್ಮು ನನಗಿತ್ತು.

ಕಷ್ಟ ಇತ್ತು. ಉದ್ದಕ್ಕೆ 13, ಅಗಲಕ್ಕೆ 13 ಮನೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸೇರಿ 58 ಸುಳಿವು. ಒಂದೂ ನೇರವಾಗಿಲ್ಲ. ಮೊದಲ ಹತ್ತು ನಿಮಿಷ ಸುಮ್ನೆ ಓದಿದೆ. ಕನ್ನಡವೇ, ಪ್ರತಿ ಪದವೂ ಗೊತ್ತಿರುವಂಥದ್ದೇ. ಆದರೆ ಒಂದು ಸಾಲೂ ಏನು ಕೇಳುತ್ತಿದೆ ಅಂತ ತಿಳಿಯಲಿಲ್ಲ.

ಕೈ ಹಿಡಿದಿದ್ದು ಗದಗ. 'ವೀರನಾರಾಯಣನ ಊರು, ಹಿಂದಿನಿಂದ ಬಂದರೂ ಅದೇ (3)'. ಗ-ದ-ಗ. ಮೇಲಿನಿಂದ ಕೆಳಕ್ಕೆ ಹೋಗುವ ಪದ. ಪೆನ್ನಿನಲ್ಲಿ ಜೋರಾಗಿ ಬರೆದೆ. ಆ ವೀರನಾರಾಯಣನ ಗುಡಿಯ ಕವಿ ಕುಮಾರವ್ಯಾಸ, ಒಮ್ಮೆ ಇಟ್ಟ ಪದವನ್ನು ಅಳಿಸುವುದಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡವನು. ಅವನ ಊರಿನ ಹೆಸರಿನಿಂದ ಶುರು ಮಾಡಿದ್ದಕ್ಕೋ ಏನೋ, ನಾನೂ ಅವತ್ತು ಪೆನ್ನೇ ಹಿಡಿದೆ. ಇದು ನನ್ನ ಮೊದಲ ತಪ್ಪು. ಪೆನ್ಸಿಲ್ ಇಟ್ಟುಕೊಳ್ಳಿ. ಅದೂ ಮೆತ್ತನೆಯದು. ಪೇಪರಿನ ಕಾಗದದ ಮೇಲೆ ಗಟ್ಟಿ ಪೆನ್ಸಿಲ್ ಗೀರಿದರೆ ಅಳಿಸಿದ ಮೇಲೂ ಗುರುತು ಉಳಿಯುತ್ತದೆ. ಆ ಗುರುತು ಸುಮ್ಮನೆ ಇರುವುದಿಲ್ಲ, ನಿಮ್ಮ ಕಣ್ಣಿಗೆ ಮತ್ತೆ ಮತ್ತೆ ಅದೇ ತಪ್ಪು ಪದವನ್ನು ಓದಿಸುತ್ತದೆ.

ಗದಗದ ನಡುವಿನ 'ದ' ಹಿಡಿದು ಅಡ್ಡ ಹೊರಟಿತ್ತು ಇನ್ನೊಂದು ಸುಳಿವು: 'ಕಲಕಿಹೋದ ಮದನನನ್ನು ಅಡಗಿಸುವುದು (3)'. ಇಲ್ಲಿ ನನಗೆ ಮೊದಲ ಸಲ ಕೀಲಿ ಸಿಕ್ಕಿತು. ಮದನನ ಕಥೆ ಬೇಡ, ಆ ಮೂರು ಅಕ್ಷರ ಸಾಕು. ಮ, ದ, ನ. ಕಲಕಿದರೆ ದಮನ. ಅಡಗಿಸುವುದು ಅಂದರೂ ದಮನ. ಆಹಾ ಅಂದೆ. ಜೋರಾಗಿಯೇ ಅಂದೆ ಅಂತ ಕಾಣುತ್ತೆ, ಒಳಗಿನಿಂದ ಅತ್ತೆ 'ಏನಾಯ್ತೇ?' ಅಂದರು.

ಅಂದರೆ ಈ ಸುಳಿವುಗಳಿಗೆ ಎರಡು ಭಾಗ. ಒಂದು ಕಡೆ ನೇರ ಅರ್ಥ ಇರುತ್ತದೆ, ಸಾಮಾನ್ಯವಾಗಿ ಮೊದಲಲ್ಲೋ ಕೊನೆಯಲ್ಲೋ. ಉಳಿದದ್ದು ಅಕ್ಷರದ ಆಟ. ಎರಡೂ ಒಂದೇ ಉತ್ತರಕ್ಕೆ ಬಂದು ನಿಲ್ಲಬೇಕು. ಒಂದೇ ಭಾಗ ಕೂಡಿದರೆ ಅದು ಉತ್ತರವಲ್ಲ. ಈ ಮಾತನ್ನು ನಾನು ಬೆಳಿಗ್ಗೆ ಏಳೂಕಾಲಕ್ಕೇ ಕಂಡುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಮರೆತಿದ್ದೆ.

ಆಮೇಲೆ ಒಂದು ಗಂಟೆ ಮಜವಾಗಿ ಹೋಯಿತು. 'ಕಣ್ಣಿಗಿಟ್ಟುಕೊಂಡು ಸೀತೆ ಎಲ್ಲಿಗೆ ಹೊರಟಳು? (3)'. ಕಾಡಿಗೆ! ಎರಡೂ ಅರ್ಥ ಒಂದೇ ಪದದಲ್ಲಿ. 'ಲೋಹ ಉಜ್ಜುವ ಸಲಕರಣೆ ವಾಸದ ಜಾಗಕ್ಕೆ ಬಂದರೆ ಮೈಸೂರಲ್ಲಿ ಟಿಕೆಟ್ (4)'. ಉಜ್ಜುವುದು ಅರ, ವಾಸದ ಜಾಗ ಮನೆ. ಅರಮನೆ. ಮಗಳಿಗೆ ಓದಿ ಹೇಳಿದೆ. ಅವಳು ಮೊಬೈಲ್‌ನಿಂದ ತಲೆ ಎತ್ತದೆ 'ಅರ ಅಂದ್ರೇನು?' ಅಂದಳು. ನಾನು ಅಡುಗೆಮನೆಯ ಡ್ರಾಯರಿನಿಂದ ತುಕ್ಕು ಹಿಡಿದ ಅರ ತಂದು ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, 'ಓ, ನೇಲ್ ಫೈಲ್' ಅಂದಳು.

ಇಲ್ಲಿ ಒಂದು ಸಣ್ಣ ಮಾತು. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಕ, ಕಾ, ಕ್ಕಾ, ಕಂ ನಾಲ್ಕೂ ಬೇರೆ ಬೇರೆ, ಪ್ರತಿಯೊಂದಕ್ಕೂ ಒಂದೊಂದೇ ಮನೆ. ಇಂಗ್ಲಿಷಿನಲ್ಲಿ 26 ಅಕ್ಷರ, ಎರಡು ಪದ ಎಲ್ಲಾದರೂ ಅಡ್ಡ ಬಂದರೆ ಹೇಗೋ ಹೊಂದಿಕೊಳ್ಳುತ್ತವೆ. ನಮ್ಮಲ್ಲಿ ಅಡ್ಡ ಪದದ 'ಲಿ' ಉದ್ದ ಪದಕ್ಕೂ 'ಲಿ'ಯೇ ಆಗಬೇಕು. 'ಲು' ಬಂದರೆ ನಡೆಯುವುದಿಲ್ಲ. ಕಟ್ಟುವವರಿಗೆ ಇದು ಎಷ್ಟು ಕಷ್ಟವೋ, ಬಿಡಿಸುವವರಿಗೆ ಅಷ್ಟೇ ಲಾಭ. ಒಂದು ಮನೆ ತುಂಬಿದರೆ ವ್ಯಂಜನ, ಸ್ವರ, ಒತ್ತು, ಸೊನ್ನೆ ಎಲ್ಲ ಒಟ್ಟಿಗೇ ಸಿಗುತ್ತವೆ. ಆದರೆ ಆ ಒಂದು ಮನೆ ತಪ್ಪಿದರೆ ಅಷ್ಟೂ ಒಟ್ಟಿಗೇ ದಾರಿ ತಪ್ಪಿಸುತ್ತವೆ. ಈ 'ಲಿ' ಮತ್ತು 'ಲು' ಸ್ವಲ್ಪ ನೆನಪಿಟ್ಟುಕೊಳ್ಳಿ.

ಅರ್ಧಾಕ್ಷರದ್ದೂ ಒಂದು ತಕರಾರು ಇದೆ. ಅಭಿಮನ್ಯುವಿನ ಮಗನನ್ನು ಕೇಳಿದ್ದರು. ಪರೀಕ್ಷಿತನೋ ಪರೀಕ್ಷಿತ್ತೋ? ಕೊನೇ ಮನೆಯಲ್ಲಿ 'ತ' ಬರೆಯಬೇಕಾ 'ತ್' ಬರೆಯಬೇಕಾ? ಅಂಥ ಕಡೆ ಸುಮ್ಮನೆ ಕಾಯುವುದು ಒಳ್ಳೆಯದು. ಅಡ್ಡ ಬರುವ ಪದ ತಾನೇ ಹೇಳುತ್ತದೆ. ನನಗೆ ಮುಕ್ಕಾಲು ಗಂಟೆ ಬಿಟ್ಟು ಅದು 'ತ' ಅಂತ ಹೇಳಿತು.

ಎಂಟೂವರೆ ಹೊತ್ತಿಗೆ ಇಪ್ಪತ್ತೆರಡು ಪದ ಆಗಿತ್ತು. ಇಡ್ಲಿ ಹಬೆಗೆ ಇಟ್ಟು ಬಂದು ಕೂತೆ. ಆಗ ಸಿಕ್ಕಿದ್ದು ಇದು: 'ಲೋಕ ಮಲಗಿದಾಗ ನಡುವೆ ಅರಳಿದ್ದು (3)'. ರಾತ್ರಿ ಅರಳುವ ಹೂವು, ಮೂರಕ್ಷರ. ನೈದಿಲೆ! ಇದಕ್ಕಿಂತ ಚೆಂದ ಇನ್ನೇನು ಬೇಕು ಅಂತ ಬರೆಯಲು ಹೋದರೆ ನಡುವಿನ ಮನೆಯಲ್ಲಿ ಅರಮನೆಯ 'ಮ' ಕೂತಿದೆ. ನೈದಿಲೆಗೆ ಅಲ್ಲಿ 'ದಿ' ಬೇಕು. ಅರಮನೆ ತಪ್ಪಾ? ಇರಲಾರದು. ಹಾಗಾದರೆ ನಡುವೆ 'ಮ' ಇರುವ, ರಾತ್ರಿ ಅರಳುವ ಹೂವು ಯಾವುದು?

ಇಡ್ಲಿ ಬೆಂದು, ತಿಂದು, ಪಾತ್ರೆ ತೊಳೆದು ಮುಗಿಸುವ ತನಕ ಹೂವುಗಳನ್ನು ಎಣಿಸಿದೆ. ಪಾತ್ರೆ ಒರೆಸುವಾಗ ಆ ಸಾಲನ್ನು ಬಾಯಲ್ಲಿ ಅಂದುಕೊಂಡೆ. ಲೋಕ ಮಲಗಿದಾಗ. ಲೋಕಮಲಗಿದಾಗ. ಲೋ-ಕಮಲ-ಗಿದಾಗ! ಕಣ್ಣಿಗೆ ಕಾಣದಿದ್ದದ್ದು ಕಿವಿಗೆ ಕೇಳಿಸಿತು. ಕಮಲ ರಾತ್ರಿ ಅರಳುವುದಿಲ್ಲ ಅನ್ನುವುದು ನಿಜ, ಆದರೆ ಈ ಸಾಲಿನ ನಡುವೆ ಅರಳಿ ಕೂತಿದೆ. ಸುಳಿವು ಕಟ್ಟಿದವರು ಎದುರಿಗೆ ಇದ್ದಿದ್ದರೆ ಅವರಿಗೊಂದು ಕಾಫಿ ಕೊಡುತ್ತಿದ್ದೆ. ಸಿಕ್ಕಿಹಾಕಿಕೊಂಡಾಗ ಸುಳಿವನ್ನು ಬಾಯಿಬಿಟ್ಟು ಓದಿ, ಪದಗಳ ನಡುವೆ ಜಾಗ ಬಿಡದೆ. ನನಗೆ ಆ ದಿನ ಇದೇ ಉಪಾಯಕ್ಕೆ ಇನ್ನೂ ಎರಡು ಪದ ಸಿಕ್ಕವು.

ಇನ್ನು ನನ್ನ ಮಾನ ಹೋದ ಭಾಗ.

ಎಡಗಡೆ ಕೆಳಗೆ ಒಂದು ಸುಳಿವು: 'ಮೂರು ಕಾಲಿದ್ದರೂ ಒಂದಾಗಲಿಲ್ಲ (3)'. ಮೂರು ಕಾಲು ಅಂತ ಓದಿದ್ದೇ ತಡ, ಅಜ್ಜಿ ಮನೆಯ ಹಜಾರದಲ್ಲಿದ್ದ ಮರದ ಮುಕ್ಕಾಲಿ ಕಣ್ಣ ಮುಂದೆ ಬಂತು. ಅದರ ಮೇಲೆ ತಾಮ್ರದ ಚೊಂಬು ಇರುತ್ತಿತ್ತು. ಮು-ಕ್ಕಾ-ಲಿ. ಮೂರು ಮನೆ, ಮೂರು ಅಕ್ಷರ. ಪೆನ್ನಿನಲ್ಲಿ ಬರೆದೆ. 'ಒಂದಾಗಲಿಲ್ಲ' ಅನ್ನುವುದನ್ನು ಯೋಚಿಸಲೇ ಇಲ್ಲ. ಏನೋ ಅಲಂಕಾರಕ್ಕೆ ಹಾಕಿರುತ್ತಾರೆ ಅಂದುಕೊಂಡೆ.

ಈ ಮುಕ್ಕಾಲಿಯ 'ಲಿ'ಯಲ್ಲಿ ಬಂದು ಮುಗಿಯುವ ಉದ್ದ ಪದ ಒಂದಿತ್ತು. 'ಗೋಪಾಲ ಊದಿದ್ದನ್ನು ಕವಿಗಳು ತೆಗೆದುಕೊಳ್ಳಲು (3)'. ಕೃಷ್ಣನ ಕೈಲಿರುವುದು, ಕೊನೆಯಲ್ಲಿ 'ಲಿ'. ಮುರಲಿ! ನಾವು ಮುರಳಿ ಅಂತ ಬರೆಯುವುದು ಹೌದು. ಆದರೆ ಸಂಸ್ಕೃತದಲ್ಲಿ ಲ, ಹಾಗಾಗಿ ಮುರಲಿಯೂ ಸರಿ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಕವಿಗಳು ಯಾಕೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿಕೊಳ್ಳಲಿಲ್ಲ. ಮುಕ್ಕಾಲಿ ಮುರಲಿಗೆ ಸಾಕ್ಷಿ, ಮುರಲಿ ಮುಕ್ಕಾಲಿಗೆ ಸಾಕ್ಷಿ. ಇಬ್ಬರು ಕಳ್ಳರು ಒಬ್ಬರಿಗೊಬ್ಬರು ಜಾಮೀನು ಕೊಟ್ಟ ಹಾಗೆ.

ಹನ್ನೊಂದು ಗಂಟೆ ಹೊತ್ತಿಗೆ ಬೇರೆಲ್ಲ ಮೂಲೆ ತುಂಬುತ್ತಾ ಬಂತು, ಆ ಎಡಗಡೆ ಕೆಳಗಿನ ಮೂಲೆ ಮಾತ್ರ ಅಲ್ಲಾಡಲಿಲ್ಲ. ಮುರಲಿಯ 'ಮು'ವಿನಿಂದ ಅಡ್ಡ ಹೊರಡುವ ನಾಲ್ಕಕ್ಷರದ ಪದ ಹೀಗಿತ್ತು: 'ಕಣಿ ಹೇಳಿದರೂ ಇಪ್ಪತ್ತೈದು ವರ್ಷ ನಗಿಸಿದಳು (4)'. ಕಣಿ ಹೇಳುವವಳು ಕೊರವಂಜಿ. ನಾಲ್ಕು ಅಕ್ಷರ ಸರಿಯಾಗಿದೆ. ಆದರೆ ಮೊದಲ ಮನೆಯಲ್ಲಿ 'ಮು' ಇದೆಯಲ್ಲ. ಪಕ್ಕದ ಖಾಲಿ ಜಾಗದಲ್ಲಿ ಕೊರವಂಜಿ ಅಂತ ಬರೆದು ಹೊಡೆದು ಹಾಕಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಬರೆದು ಮತ್ತೆ ಹೊಡೆದು ಹಾಕಿದೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ, ಎರಡು ಸಲ ಕಾಟು ಹೊಡೆಸಿಕೊಂಡ ಕೊರವಂಜಿ ಅಂಚಿನಲ್ಲಿ ಕೂತಿದ್ದಾಳೆ.

ಮೈಸೂರಿನ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರಿಗೆ 84 ವರ್ಷ. ಚಿಕ್ಕಂದಿನಲ್ಲಿ ಅಮರಕೋಶ ಬಾಯಿಪಾಠ ಮಾಡಿದವರು. ಪದಬಂಧಕ್ಕೆ ಅದಕ್ಕಿಂತ ಒಳ್ಳೆಯ ತಾಲೀಮು ಇಲ್ಲ. ನಿಘಂಟು ನಿಮ್ಮನ್ನು ಪದದಿಂದ ಅರ್ಥಕ್ಕೆ ಕರೆದುಕೊಂಡು ಹೋಗುತ್ತದೆ. ನಮಗೆ ಬೇಕಾಗಿರುವುದು ಉಲ್ಟಾ ದಾರಿ. ಅಮರಕೋಶದಲ್ಲಿ ನೀರಿನ ಹೆಸರೆಲ್ಲ ಒಂದು ಕಡೆ, ಬೆಂಕಿಯ ಹೆಸರೆಲ್ಲ ಒಂದು ಕಡೆ. ಆದರೆ ದೊಡ್ಡಪ್ಪ ಆಗ ಫೋನ್ ಎತ್ತಲಿಲ್ಲ. ಭಾನುವಾರ ಅವರು ಹನ್ನೊಂದಕ್ಕೆ ಊಟ ಮಾಡಿ ಮಲಗಿದರೆ ಏಳುವುದು ನಾಲ್ಕಕ್ಕೆ.

ಈ ಐದು ಗಂಟೆಯ ಕಾಯುವಿಕೆಯಲ್ಲಿ ನಾನು ಮಾಡಿದ್ದೆಲ್ಲ ಹಾನಿಯೇ. ಮುರಲಿಯನ್ನು ಅಲ್ಲಾಡಿಸಲಿಲ್ಲ. ಬದಲಿಗೆ 'ಮು'ವಿನಿಂದ ಶುರುವಾಗುವ, ಕಣಿ ಹೇಳುವ, ನಗಿಸುವ ಹೆಂಗಸನ್ನು ಊರೆಲ್ಲ ಹುಡುಕಿದೆ. ಪುರಾಣದಲ್ಲಿ, ಸಿನಿಮಾದಲ್ಲಿ, ಯಕ್ಷಗಾನದಲ್ಲಿ. ಮೊಬೈಲ್‌ನಲ್ಲೂ ಹುಡುಕಿದೆ. ಬೇಸರ ಬಂದು ಪದಬಂಧದ ಹುಟ್ಟಿನ ಕಥೆ ಓದಿದೆ. ಮೊದಲನೆಯದನ್ನು ಕಟ್ಟಿದವನು ಆರ್ಥರ್ ವಿನ್, ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. ಅದು ಅಚ್ಚಾಗಿದ್ದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ, 1913ರ ಡಿಸೆಂಬರ್ 21ರಂದು. ಅದೂ ಭಾನುವಾರದ ಪುರವಣಿಯಲ್ಲೇ. ಅಂದರೆ ನೂರು ವರ್ಷಕ್ಕೂ ಮೇಲಿಂದ ಭಾನುವಾರಗಳು ಹೀಗೇ ಹಾಳಾಗುತ್ತಿವೆ. ಸ್ವಲ್ಪ ಸಮಾಧಾನ ಆಯಿತು.

ನಾಲ್ಕೂ ಹತ್ತಕ್ಕೆ ದೊಡ್ಡಪ್ಪನೇ ಫೋನ್ ಮಾಡಿದರು. ಅವರದ್ದೊಂದು ನಿಯಮ. ಉತ್ತರ ಹೇಳುವುದಿಲ್ಲ, ಪ್ರಶ್ನೆ ಮಾತ್ರ ಕೇಳುತ್ತಾರೆ.

'ಕಣಿ ಹೇಳೋಳು ಯಾರಮ್ಮಾ?'

'ಕೊರವಂಜಿ ದೊಡ್ಡಪ್ಪ. ಆದ್ರೆ ಮೊದಲನೇ ಮನೇಲಿ ಮು ಇದೆ.'

'ಮು ಅಂತ ಯಾರು ಹೇಳಿದ್ದು?'

'ಮುರಲಿ.'

'ಮುರಲಿ ಅಂತ ಯಾರು ಹೇಳಿದ್ದು?'

'ಕೊನೇಲಿ ಲಿ ಇದೆಯಲ್ಲ. ಮುಕ್ಕಾಲಿದು.'

'ಮುಕ್ಕಾಲಿ ಅಂತ ಯಾರು ಹೇಳಿದ್ದು?'

ನಾನು ಸುಮ್ಮನಾದೆ. ಅವರೂ ಸುಮ್ಮನಾದರು. ಹಿಂದೆ ಅವರ ಮನೆಯ ಫ್ಯಾನಿನ ಕಿರುಗುಟ್ಟುವ ಸದ್ದು ಕೇಳುತ್ತಿತ್ತು. ಆಮೇಲೆ ಅವರು, 'ರೂಪಾಯಿಗೆ ನಾಲ್ಕು ಕಾಲು. ಮೂರು ಕಾಲು ಸೇರಿದ್ರೆ ಎಷ್ಟಮ್ಮಾ?' ಅಂದರು.

ಮುಕ್ಕಾಲು. ಮೂರು ಕಾಲು ಇದ್ದರೂ ಒಂದು ಆಗಲಿಲ್ಲ! ಆ ಒಂದು ಪದ, ನಾನು ಅಲಂಕಾರ ಅಂದುಕೊಂಡಿದ್ದ ಪದ, ಅದೇ ಇಡೀ ಸುಳಿವಿನ ಜೀವ. 'ಲಿ' ಹೋಗಿ 'ಲು' ಬಂತು. ಮುರಲಿ ಬಿದ್ದು ಕೊಳಲು ಎದ್ದಿತು. ಕವಿಗಳು 'ಕೊಳ್ಳಲು' ಅನ್ನುವುದನ್ನು 'ಕೊಳಲು' ಅಂತ ಬರೆಯುತ್ತಾರೆ, ತೆಗೆದುಕೊಳ್ಳುವುದು ಅದನ್ನೇ. ಕೊಳಲಿನ 'ಕೊ' ಹಿಡಿದು ಕೊರವಂಜಿ ತಾನಾಗಿ ಬಂದು ಕೂತಳು.

'ಅದ್ಸರಿ, ನಗಿಸಿದಳು ಯಾಕೆ?' ಅಂದೆ.

'ಅಯ್ಯೋ, ಕೊರವಂಜಿ ಪತ್ರಿಕೆ ಕಣಮ್ಮಾ! ರಾಶಿಯವರದ್ದು. ಕಾಲೇಜಲ್ಲಿದ್ದಾಗ ಹಾಸ್ಟೆಲಿಗೆ ಒಂದೇ ಪ್ರತಿ ಬರ್ತಿತ್ತು, ಕಿತ್ತಾಡಿಕೊಂಡು ಓದ್ತಿದ್ವಿ.' ಡಾ. ಎಂ. ಶಿವರಾಂ ಅವರು 'ರಾಶಿ' ಅನ್ನುವ ಹೆಸರಲ್ಲಿ ಬರೆಯುತ್ತಿದ್ದರು. ಅವರ ಹಾಸ್ಯ ಪತ್ರಿಕೆ 1942ರಲ್ಲಿ ಶುರುವಾಗಿ 1967ರ ತನಕ ನಡೆಯಿತು. ಇಪ್ಪತ್ತೈದು ವರ್ಷದ ಲೆಕ್ಕವೂ ಸರಿಹೋಯಿತು. ದೊಡ್ಡಪ್ಪ ಆಮೇಲೆ ಅರ್ಧ ಗಂಟೆ ಹಾಸ್ಟೆಲಿನ ಕಥೆ ಹೇಳಿದರು. ಪದಬಂಧ ಪಕ್ಕಕ್ಕೆ ಹೋಯಿತು, ನಾನೂ ತಡೆಯಲಿಲ್ಲ.

ಒಂದು ಮೂಲೆ ಒಂದು ಗಂಟೆಗಿಂತ ಜಾಸ್ತಿ ಸತಾಯಿಸಿದರೆ ಅಲ್ಲಿ ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅಂದುಕೊಂಡ ಪದದ ಮೇಲೆ ಅನುಮಾನ ಇಡಿ. ನಾನು ಈಗ ಎರಡೂ ಭಾಗ ಕೂಡಿದ ಪದವನ್ನು ಮಾತ್ರ ಗಟ್ಟಿಯಾಗಿ ಬರೆಯುತ್ತೇನೆ. ಅರ್ಧ ಕೂಡಿದ್ದನ್ನು ಮೂಲೆಯಲ್ಲಿ ಚಿಕ್ಕದಾಗಿ, ಒತ್ತದೆ.

ಆರು ಗಂಟೆಗೆ ಒಂದೇ ಒಂದು ಪದ ಬಾಕಿ. ಎರಡೇ ಅಕ್ಷರದ್ದು. ಚಿಕ್ಕ ಪದ ಸುಲಭ ಅಂದುಕೊಳ್ಳಬೇಡಿ. ಎರಡು ಮನೆಯಲ್ಲಿ ಒಂದಕ್ಕೆ ಮಾತ್ರ ಅಡ್ಡ ಪದ ಇದ್ದರೆ ಹಿಡಿಯಲು ಏನೂ ಸಿಗುವುದಿಲ್ಲ. ಸುಳಿವು: 'ಉಸಿರಾಡುತ್ತದೆ, ಜೀವವಿಲ್ಲ, ಬೆಂಕಿಯ ಪಕ್ಕ ವಾಸ (2)'. ಸಂಗಾತಿ ಅನ್ನುವ ಪದದಿಂದ ಮೊದಲ ಅಕ್ಷರ 'ತಿ' ಸಿಕ್ಕಿತ್ತು. ಜೀವವಿಲ್ಲ, ತಿ, ಎರಡಕ್ಷರ. ತಿಥಿ! ಬರೆದೆ, ಆದರೆ ಈ ಸಲ ಪೆನ್ಸಿಲ್‌ನಲ್ಲಿ, ಚಿಕ್ಕದಾಗಿ. ತಿಥಿ ಉಸಿರಾಡುವುದಿಲ್ಲ. ಅರ್ಧವೇ ಕೂಡಿದ್ದು. ಬುದ್ಧಿ ಬಂದಿತ್ತು ನೋಡಿ.

ಮತ್ತೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರಿಗೂ ತಕ್ಷಣ ಹೊಳೆಯಲಿಲ್ಲ. ಇವರಿಗೆ ಕೇಳಿದೆ. 'ಎಸಿ' ಅಂದರು. ಎಸಿ ಬೆಂಕಿಯ ಪಕ್ಕ ಯಾಕಿರುತ್ತೆ ಅಂತ ಕೇಳಿದ್ದಕ್ಕೆ, ಬೆಸ್ಕಾಂ ಬಿಲ್ಲು ನೋಡು ಗೊತ್ತಾಗುತ್ತೆ ಅಂದರು. ಊಟ ಆಯಿತು. ಒಂಬತ್ತೂವರೆಗೆ ಕಸ ಹಾಕಲು ಕೆಳಗೆ ಇಳಿದೆ. ಗೇಟಿನ ಹತ್ತಿರ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾಗಡಿ ಕಡೆಯವರು. ಯಾಕೋ ಕೇಳೋಣ ಅನ್ನಿಸಿತು. ಉಸಿರಾಡುತ್ತೆ, ಜೀವ ಇಲ್ಲ, ಬೆಂಕಿ ಪಕ್ಕ ಇರುತ್ತೆ, ಏನದು?

ಅವರು ಯೋಚನೆಯನ್ನೇ ಮಾಡಲಿಲ್ಲ. 'ತಿದಿ ಅಲ್ವಾ ಮೇಡಂ?'

ಅದೇನು ಅಂದೆ. ಅವರು ಎದ್ದು ನಿಂತು ಎರಡೂ ಕೈಯಲ್ಲಿ ಗಾಳಿಯನ್ನು ಹಿಡಿದು ಅದುಮಿ ತೋರಿಸಿದರು. ಅಗಲಿಸಿದಾಗ ಬಾಯಲ್ಲಿ 'ಸ್‌ಸ್‌', ಅದುಮಿದಾಗ 'ಬುಸ್‌'. 'ನಮ್ಮಪ್ಪ ನೇಗಿಲ ಗುಳ ತಟ್ಸೋಕೆ ಕುಲುಮೆಗೆ ಹೋಗೋರು. ನಾನು ಜೊತೇಲಿ ಹೋದ್ರೆ ಆಚಾರ್ರು ತಿದಿ ಒತ್ತು ಅನ್ನೋರು. ಚರ್ಮದ್ದು. ಉಸಿರು ಎಳ್ಕಂಡು ಉಸಿರು ಬಿಡುತ್ತೆ. ಜೀವ ಇದ್ದಂಗೇ ಇರುತ್ತೆ ಮೇಡಂ.' ಮೇಲೆ ಬಂದು ನಿಘಂಟು ತೆರೆದರೆ ತಿದಿ ಅಲ್ಲೇ ಇತ್ತು. ಇಷ್ಟು ದಿನವೂ ಅಲ್ಲೇ ಇತ್ತು, ಅದರ ಹೆಸರು ಹಿಡಿದು ಕೂಗಲು ನನಗೆ ಗೊತ್ತಿರಲಿಲ್ಲ ಅಷ್ಟೆ. ತಿಥಿ ಅಳಿಸಿ ತಿದಿ ಬರೆದೆ. ಹತ್ತು ಗಂಟೆಗೆ ಹತ್ತು ನಿಮಿಷ ಇತ್ತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ, ಇನ್ನು ಕಳಿಸುವ ಕಥೆ. ಸರಿ ಉತ್ತರ ಕಳಿಸಿದವರಲ್ಲಿ ಚೀಟಿ ಎತ್ತಿ ಪುಸ್ತಕದ ಬಹುಮಾನ ಕೊಡುತ್ತಾರೆ. ಕೂಪನ್ನನ್ನೇ ಕತ್ತರಿಸಿ ಅಂಚೆ ಕಾರ್ಡಿಗೆ ಅಂಟಿಸಿ ಕಳಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ. ಗುರುವಾರದೊಳಗೆ ತಲುಪಬೇಕು. ನನ್ನ ಕೂಪನ್ನಿನ ಸ್ಥಿತಿ ನೋಡಬೇಕಿತ್ತು. ಪೆನ್ನಿನ 'ಲಿ'ಯನ್ನು 'ಲು' ಮಾಡಲು ಹೋಗಿ ಆ ಮನೆಯಲ್ಲಿ ತೂತು ಬಿದ್ದಿತ್ತು. ಮುರಲಿಯ ಮೇಲೆ ಕೊಳಲು ಬರೆದು ಎರಡೂ ಓದಲಾಗದಂತೆ ಆಗಿತ್ತು. ಮೇಲಾಗಿ ಆ ಪುಟದ ಹಿಂಬದಿಯಲ್ಲಿ ಹಾಗಲಕಾಯಿ ಗೊಜ್ಜಿನ ರೆಸಿಪಿ ಇತ್ತಂತೆ. ನಾನು ಕತ್ತರಿ ತೆಗೆದಿದ್ದು ನೋಡಿ ಅತ್ತೆ, 'ಬೆಲ್ಲ ಎಷ್ಟು ಅಂತ ಬರ್ಕೊಳ್ಳೋದ್ರೊಳಗೆ ಕತ್ತರಿಸಿಬಿಡ್ತೀಯಾ?' ಅಂತ ರೇಗಿದರು. ನಾನೂ ಏನೋ ಅಂದೆ. ಕತ್ತರಿ ಹಾಕುವ ಮೊದಲು ಹಿಂದಿನ ಪುಟ ನೋಡಿ. ಇದು ಪದಬಂಧಕ್ಕಿಂತ ಮುಖ್ಯವಾದ ಸೂಚನೆ.

ಹಾಗಾಗಿ ಎರಡನೇ ಪ್ರತಿ ಬೇಕಾಯಿತು. ಸೋಮವಾರ ಬೆಳಿಗ್ಗೆ ಭಾನುವಾರದ ಪೇಪರ್ ಎಲ್ಲಿ ಸಿಗುತ್ತೆ? ಬಸ್ ಸ್ಟಾಪಿನ ಅಂಗಡಿಯವರು ಉಳಿದದ್ದನ್ನೆಲ್ಲ ವಾಪಸ್ ಕೊಟ್ಟಾಗಿತ್ತು. ಕೊನೆಗೆ ಕಟಿಂಗ್ ಶಾಪಿನಲ್ಲಿ ಸಿಕ್ಕಿತು. ಬೆಂಚಿನ ಮೇಲೆ ಬಿದ್ದಿತ್ತು, ಪದಬಂಧ ಯಾರೂ ಮುಟ್ಟಿರಲಿಲ್ಲ. ಹತ್ತು ರೂಪಾಯಿ ಕೊಟ್ಟೆ. ಅವರು ಬೇಡ ಬೇಡ ಅಂದು ಇಟ್ಟುಕೊಂಡರು.

ಅಂಚೆ ಕಚೇರಿಯಲ್ಲಿ ಕಾರ್ಡು ಇರಲಿಲ್ಲ. 'ಈಗ ಯಾರು ಮೇಡಂ ಕೇಳ್ತಾರೆ, ನಾಳೆ ಬನ್ನಿ' ಅಂದರು. ಮಂಗಳವಾರ ಹೋದಾಗ ಸಿಕ್ಕಿತು. ಒಂದಕ್ಕೆ 50 ಪೈಸೆ. ಚಿಲ್ಲರೆ ಸಮಸ್ಯೆ ಬೇಡ ಅಂತ ಐದು ರೂಪಾಯಿ ಕೊಟ್ಟು ಹತ್ತು ತೆಗೆದುಕೊಂಡೆ. ಪೆನ್ಸಿಲ್, ರಬ್ಬರ್ ಹದಿನೈದು ರೂಪಾಯಿ. ಒಟ್ಟು ಖರ್ಚು ಮೂವತ್ತು. ಆಟೋದ ಲೆಕ್ಕ ಇವರಿಗೆ ಹೇಳಿಲ್ಲ. ನೀವು ಈ ದಾರಿ ಹಿಡಿಯುವುದಾದರೆ ನಾಲ್ಕು ಕಾರ್ಡು ಮನೆಯಲ್ಲಿ ಮೊದಲೇ ಇಟ್ಟುಕೊಳ್ಳಿ. ಭಾನುವಾರ ಬಿಡಿಸಿ ಸೋಮವಾರ ಬೆಳಿಗ್ಗೆ ಡಬ್ಬಿಗೆ ಹಾಕಿದರೆ ಗುರುವಾರದ ಗಡಿಬಿಡಿ ಇರುವುದಿಲ್ಲ.

ಅಂಚೆ ಕಚೇರಿಯ ಗೋಂದಿನ ಡಬ್ಬಿ ಪಕ್ಕದಲ್ಲೇ ನಿಂತು ಹೊಸ ಕೂಪನ್ನಿಗೆ ನಕಲು ಮಾಡಿದೆ. ಹಿಂದೆ ಆಧಾರ್ ತಿದ್ದಿಸುವವರ ಸಾಲು. ಒಬ್ಬರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಬೇಗ ಬೇಗ ಬರೆದೆ, ಅಡ್ಡ ಪದಗಳನ್ನಷ್ಟೇ ಸಾಲಾಗಿ. ಅಡ್ಡ ಬರೆದರೆ ಉದ್ದ ತಾನೇ ಬರುತ್ತದಲ್ಲ. ಡಬ್ಬಿಗೆ ಹಾಕುವ ಮೊದಲು ಕಾರ್ಡಿನ ಫೋಟೊ ತೆಗೆದುಕೊಂಡೆ. ಇದನ್ನು ನೀವೂ ಮಾಡಿ. ಮಾಡಿದ ಮೇಲೆ ಆ ಫೋಟೊವನ್ನು ಡಬ್ಬಿಗೆ ಹಾಕುವ ಮೊದಲೇ ಒಮ್ಮೆ ನೋಡಿ.

ನಾನು ನೋಡಿದ್ದು ಭಾನುವಾರ. ಉತ್ತರ ಅಚ್ಚಾಗಿತ್ತು. ಮುಕ್ಕಾಲು ಸರಿ, ಕೊಳಲು ಸರಿ, ಕೊರವಂಜಿ ಸರಿ, ತಿದಿಯೂ ಸರಿ. ಕುಣಿಯುವುದೊಂದು ಬಾಕಿ. ಸುಮ್ನೆ ಖುಷಿಗೆ ಅಂತ ಮೊಬೈಲ್ ತೆಗೆದು ಕಾರ್ಡಿನ ಫೋಟೊ ದೊಡ್ಡದು ಮಾಡಿದೆ. ಮೇಲಿಂದ ಕೆಳಗೆ ಓದಿಕೊಂಡು ಬಂದೆ. ಒಂದು ಕಡೆ 'ಗಮಗ' ಅಂತ ಇತ್ತು. ಗಮಗ ಯಾವ ಊರು? ಆಮೇಲೆ ಅಡ್ಡ ನೋಡಿದೆ. ದಮನ ಅಂತ ಬರೆಯುವ ಕಡೆ ಮದನ ಅಂತ ಬರೆದಿದ್ದೆ. ಬೆಳಿಗ್ಗೆ ಏಳೂಕಾಲಕ್ಕೆ ಆಹಾ ಅಂದಿದ್ದ ಪದ.

ಫೋಟೊವನ್ನು ದೊಡ್ಡಪ್ಪನಿಗೆ ವಾಟ್ಸ್ಆ್ಯಪ್ ಮಾಡಿದೆ. ಎರಡು ನಿಮಿಷಕ್ಕೆ ಫೋನ್ ಬಂತು. ನಗು ತಡೆದುಕೊಂಡು ಮಾತಾಡುತ್ತಿದ್ದರು.

'ಮದನನ್ನ ಅಡಗಿಸೋಕೆ ಶಿವನಿಗೇ ಮೂರನೇ ಕಣ್ಣು ಬೇಕಾಯ್ತು ಕಣಮ್ಮಾ. ನಿನಗೆ ಇರೋದು ಎರಡೇ ಅಲ್ವಾ? ಬಿಡು. ಇವತ್ತಿಂದು ನೋಡಿದ್ಯಾ? ಏಳನೇದು ಅಡ್ಡ, ನಂಗೆ ಬರ್ತಿಲ್ಲ.'